ಹೊಗೆಯ ಮನೆಯಲ್ಲಿ ಎರಡು ರಾತ್ರಿ

ಜಪಾನಿನ ಹಕುಸಾನ್ ರಾಷ್ಟ್ರೀಯ ಉದ್ಯಾನದ ಮಗ್ಗುಲಿನ ಕಣಿವೆಯಲ್ಲಿ ಶಿರಕಾವಾ-ಗೋ ಎಂಬ ಸೀಮೆಯುಂಟು. ಅಲ್ಲಿಯ ಒಗಿಮಾಚಿ ಗ್ರಾಮದಲ್ಲಿ ತಂಗುವುದಾದರೆ ‘ಮಿನ್‌ಶುಕು’ವಿನಲ್ಲಿಯೇ ತಂಗಬೇಕು. ಮಿನ್‌ಶುಕು ಎಂದರೆ ಮನೆಯವರು ತಾವು ವಾಸವಾಗಿರುವ ಮನೆಯಲ್ಲಿಯೇ ನಡೆಸುವ ವಸತಿ. ಕೋಣೆಗಳು ಕೆಲವೇ, ಸ್ನಾನಗೃಹ ಎಲ್ಲರಿಗೂ ಒಂದೇ. ಕಾಗದದ ಜಾರುಬಾಗಿಲಿನಾಚೆ ನೆರೆಯವರ ಕೆಮ್ಮೂ ಕೇಳಿಸುತ್ತದೆ.

ಈ ಮನೆಗಳ ಹುಲ್ಲಿನ ಮಾಡು ಸುಮಾರು 60 ಡಿಗ್ರಿಯಷ್ಟು ಕಡಿದು. ಹಿಮ ಜಾರಿ ಬೀಳಲೆಂದು. ಮುಗಿದ ಕೈಗಳಂತೆ ತೋರುವುದರಿಂದ ‘ಗಶ್ಶೋ’ ಎಂಬ ಹೆಸರು. ವಿಶಾಲವಾದ ಅಟ್ಟಗಳಲ್ಲಿ ಹಿಂದೆ ರೇಷ್ಮೆಹುಳುಗಳನ್ನು ಸಾಕುತ್ತಿದ್ದರು.

ನಾನಿದ್ದ ಮನೆಯ ನಡುವೆ ‘ಇರೋರಿ’ ಎಂಬ ಚೌಕದ ಅಗ್ಗಿಷ್ಟಿಕೆ ಇತ್ತು. ಹೊಗೆಗೆ ಕಣ್ಣುರಿದು ನಾನು ಗೊಣಗಿದೆನೆಂಬುದನ್ನು ಒಪ್ಪಿಕೊಳ್ಳಬೇಕು. ಮನೆಯ ಅಜ್ಜಿ ನಕ್ಕು ಮೇಲಕ್ಕೆ ಬೆರಳು ತೋರಿದರು. ಮೊಳೆಯ ಹಂಗಿಲ್ಲದೆ, ಹಗ್ಗದಿಂದಲೂ ಎಳೆಯ ಕೊಂಬೆಗಳಿಂದಲೂ ಬಿಗಿದ ಮಾಡಿನ ಮರಗಳು ಮಸಿಗಟ್ಟಿ ಮಿರುಗುತ್ತಿದ್ದವು. ಹುಲ್ಲನ್ನು ಒಣಗಿಸಿ, ಕೀಟಗಳನ್ನು ದೂರವಿಟ್ಟು ಮಾಡನ್ನು ಕಾಯುವುದು ಆ ಹೊಗೆಯೇ. ಒಲೆಯಾರಿದ ಮನೆ ಬೇಗ ಕೊಳೆಯುತ್ತದೆ. 1995ರಲ್ಲಿ ಯುನೆಸ್ಕೋ ಈ ಗ್ರಾಮವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು, ಸಂತೋಷ. ಆದರೆ ಒಲೆ ಹೊತ್ತಿಸಲು ಮನೆಯಲ್ಲಿ ಮನುಷ್ಯರೇ ಇರಬೇಕಷ್ಟೆ. ಹುಲ್ಲು ಹೊದಿಸುವ ಕೆಲಸವೂ ಹಾಗೆಯೇ: ಮೂವತ್ತು ನಲವತ್ತು ವರ್ಷಗಳಿಗೊಮ್ಮೆ, ನಮ್ಮ ಮುಯ್ಯಾಳಿನಂತಹ ‘ಯುಯಿ’ ಪದ್ಧತಿಯಲ್ಲಿ, ಊರೇ ಮಾಡಿನ ಮೇಲೆ ಹತ್ತಬೇಕು.

ಹಗಲಿನ ಪ್ರವಾಸಿಗರು ಭಾವಚಿತ್ರ ತೆಗೆದುಕೊಂಡು ಸಂಜೆಗೆ ಬಸ್ಸು ಹತ್ತುತ್ತಾರೆ. ರಾತ್ರಿ ಉಳಿದವನು ಕೊಡುವ ಹಣದಲ್ಲಿ ಒಂದು ಪಾಲು ಸೌದೆಗೂ ಸಲ್ಲುತ್ತದೆ ಎಂದು ನನಗೆ ತಡವಾಗಿ ಹೊಳೆಯಿತು. ಮರುದಿನ ಸಂಜೆ, ಅಜ್ಜಿ ಕರೆಯುವ ಮೊದಲೇ ಒಲೆಯ ಬಳಿ ಹೋಗಿ ಕುಳಿತೆ.