ಜರ್ಮನಿಯ ಪ್ರಾಧ್ಯಾಪಕರ ಸಂಬಳದ ಲೆಕ್ಕ

(ಕಾರ್ಮಿಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಎಲ್ಲೋ ದೂರದ ಜರ್ಮನಿಯ ಪ್ರಾಧ್ಯಾಪಕರ ಸಂಬಳ ಕಟ್ಟಿಕೊಂಡು ನಮಗೇನಾಗಬೇಕು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಮೂಲವೇತನ ಗಟ್ಟಿಯಾಗಿರಬೇಕೋ, ಆಡಳಿತದವರು ಮೆಚ್ಚಿದಾಗ ಕೊಡುವ ಇನಾಮು ದೊಡ್ಡದಾಗಿರಬೇಕೋ ಎಂಬ ಜಗಳ ಗಿರಣಿಯೊಳಗಿನದು ಮಾತ್ರವಲ್ಲ. ಜರ್ಮನಿಯಲ್ಲಿ ಅದು ಸಂವಿಧಾನ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಅದಕ್ಕಾಗಿ ಈ ವಿಷಯ.

ಹಿಂದಿನ ಕಾಲದಲ್ಲಿ ಅಲ್ಲಿ ಪ್ರಾಧ್ಯಾಪಕನಿಗೆ ಸರ್ಕಾರದ ಸಂಬಳದ ಜೊತೆಗೆ ಪಾಠ ಕೇಳಲು ಬಂದ ವಿದ್ಯಾರ್ಥಿಗಳ ಶುಲ್ಕವೂ ಸಲ್ಲುತ್ತಿತ್ತು. ಜನ ತುಂಬಿದರೆ ಲಾಭ, ತುಂಬದಿದ್ದರೆ ನಷ್ಟ, ಅಂಗಡಿಯ ಹಾಗೆ. ಪೀಠ ದೊರೆಯದ ಕಿರಿಯ ವಿದ್ವಾಂಸನಿಗೆ ಸಂಬಳವೇ ಇಲ್ಲ. ಆ ಶುಲ್ಕವೊಂದೇ ಗತಿ. ಕೈಯಲ್ಲಿ ಹಣವಿಲ್ಲದವನು ಈ ದಾರಿ ಹಿಡಿಯುವುದು ಬಲು ಅಪಾಯವೆಂದು ಮ್ಯಾಕ್ಸ್ ವೇಬರ್ 1917ರಲ್ಲಿ ಮ್ಯೂನಿಕ್ ನಗರದ ವಿದ್ಯಾರ್ಥಿಗಳಿಗೆ ಬಿಚ್ಚಿ ಹೇಳಿದ್ದರು.

ಈಗ ಬಹುಪಾಲು ಪ್ರಾಧ್ಯಾಪಕರು ರಾಜ್ಯ ಸರ್ಕಾರಗಳ ಕಾಯಂ ನೌಕರರು. ಅವರ ಸಂಬಳವನ್ನು ಒಪ್ಪಂದವಲ್ಲ, ಕಾನೂನು ಗೊತ್ತುಮಾಡುತ್ತದೆ. ಕೆಲಸ ಭದ್ರ, ನಿವೃತ್ತಿ ವೇತನ ಭದ್ರ. ಆದರೆ ಮುಷ್ಕರ ಹೂಡುವಂತಿಲ್ಲ. ಇಂಥ ನೌಕರರಿಗೆ ಮುಷ್ಕರದ ಹಕ್ಕಿಲ್ಲವೆಂಬುದನ್ನು 2018ರಲ್ಲಿ ಸಂವಿಧಾನ ನ್ಯಾಯಾಲಯ ಎತ್ತಿಹಿಡಿಯಿತು.

ಮೊದಲು ‘ಸಿ’ ಎಂಬ ಶ್ರೇಣಿಯಿತ್ತು. ವರ್ಷ ಕಳೆದಂತೆ ಸಂಬಳ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. 2002ರ ಕಾನೂನು ಇದನ್ನು ಕಿತ್ತುಹಾಕಿ ‘ಡಬ್ಲ್ಯು’ ಶ್ರೇಣಿಯನ್ನು ತಂದಿತು. 2005ರ ಆರಂಭದೊಳಗೆ ಎಲ್ಲ ರಾಜ್ಯಗಳೂ ಅದಕ್ಕೆ ಬಂದವು. ಕಿರಿಯರಿಗೆ ಡಬ್ಲ್ಯು 1, ಮೇಲಿನವರಿಗೆ ಡಬ್ಲ್ಯು 2 ಮತ್ತು 3. ಮೂಲವೇತನ ಇಳಿಯಿತು, ವಯಸ್ಸಿನ ಬಡ್ತಿ ಹೋಯಿತು. ಬದಲಿಗೆ ಸಾಧನೆಯ ಭತ್ಯೆ ಬಂತು. ಈ ಭತ್ಯೆ ಮೂರು ಬಗೆ: ಹೊಸದಾಗಿ ಕರೆತರುವಾಗ ಇಲ್ಲವೆ ಬಿಟ್ಟುಹೋಗದಂತೆ ಉಳಿಸಿಕೊಳ್ಳುವಾಗ ಕೊಡುವುದು, ಸಂಶೋಧನೆ, ಬೋಧನೆಗಳಿಗೆ ಕೊಡುವುದು, ಆಡಳಿತದ ಹೊಣೆಗೆ ಕೊಡುವುದು.

ಇನ್ನು ಚೌಕಾಶಿಯ ಕ್ರಮ ನೋಡಿ. ಪೀಠ ಖಾಲಿಯಾದಾಗ ಸಮಿತಿಯೊಂದು ಸಾಮಾನ್ಯವಾಗಿ ಮೂರು ಹೆಸರುಗಳ ಪಟ್ಟಿ ಮಾಡುತ್ತದೆ. ಮೊದಲ ಹೆಸರಿನವರಿಗೆ ‘ರೂಫ್’ ಹೋಗುತ್ತದೆ, ಅಂದರೆ ಕರೆ. ಕರೆ ಬಂದ ಮೇಲೆಯೇ ಮಾತುಕತೆ. ಸಂಬಳ ಎಷ್ಟು, ಸಹಾಯಕರು ಎಷ್ಟು ಜನ, ಕೋಣೆ ಎಷ್ಟು, ಉಪಕರಣಕ್ಕೆ ಹಣವೆಷ್ಟು, ಎಲ್ಲವೂ ಅಲ್ಲಿ ಇತ್ಯರ್ಥವಾಗಬೇಕು. ಒಮ್ಮೆ ಸೇರಿದ ಮೇಲೆ ಸಂಬಳ ಗಣನೀಯವಾಗಿ ಏರಬೇಕಾದರೆ ದೊಡ್ಡ ದಾರಿಯೆಂದರೆ ಇನ್ನೊಂದು ವಿಶ್ವವಿದ್ಯಾಲಯದ ಕರೆ ತಂದು ತೋರಿಸುವುದು. ಪಕ್ಕದ ಅಂಗಡಿಯವನು ಬೆಲೆ ಕಟ್ಟಿದ ಮೇಲೆ ನಮ್ಮವನೂ ಬೆಲೆ ಏರಿಸುತ್ತಾನಲ್ಲ, ಹಾಗೆ. ಹೆಂಡತಿಯದೋ ಗಂಡನದೋ ಕೆಲಸ, ಮಕ್ಕಳ ಶಾಲೆ, ಮುಪ್ಪಿನ ತಂದೆತಾಯಿ, ಇವುಗಳಿಂದ ಊರು ಬಿಡಲಾರದವನು ಎಷ್ಟೇ ಚೆನ್ನಾಗಿ ಪಾಠ ಹೇಳಿದರೂ ಅವನ ಕೈಯಲ್ಲಿ ಈ ಆಯುಧವಿಲ್ಲ.

ಹೆಸೆನ್ ರಾಜ್ಯದಲ್ಲಿ 2005ರ ಡಿಸೆಂಬರಿನಲ್ಲಿ ನೇಮಕವಾದ ಒಬ್ಬ ಪ್ರಾಧ್ಯಾಪಕರ ತಿಂಗಳ ಮೂಲವೇತನ ಸುಮಾರು 3,890 ಯೂರೋ. ಸಾಧನೆಯ ಭತ್ಯೆ? 24 ಯೂರೋಗೂ ಕಡಮೆ! ಅವರು ನ್ಯಾಯಾಲಯಕ್ಕೆ ಹೋದರು. 2012ರ ಫೆಬ್ರವರಿ 14ರಂದು ಸಂವಿಧಾನ ನ್ಯಾಯಾಲಯ ತೀರ್ಪಿತ್ತಿತು: ಹುದ್ದೆಯ ಘನತೆಗೆ ಈ ಮೂಲವೇತನ ತೀರ ಸಾಲದು. ಪ್ರತಿಯೊಬ್ಬನಿಗೂ ಎಟುಕುವ, ಸ್ಥಿರವಾಗಿ ನಿಲ್ಲುವ ಭತ್ಯೆಯಾದರೆ ಮಾತ್ರ ಅದು ಈ ಕೊರತೆ ತುಂಬಬಲ್ಲದು. ಸಿಕ್ಕರೆ ಸಿಕ್ಕಿತು ಎಂಬಂಥದನ್ನು ಸಂಬಳದ ಲೆಕ್ಕಕ್ಕೆ ಹಿಡಿಯಬಾರದು.

ಆಮೇಲೆ ರಾಜ್ಯಗಳು ಮೂಲವೇತನ ಏರಿಸಿದವು. ಹೆಸೆನ್, ಬವೇರಿಯಾಗಳಂಥ ರಾಜ್ಯಗಳು ಅನುಭವದ ಮೆಟ್ಟಿಲುಗಳನ್ನು ಮತ್ತೆ ತಂದವು. ಆದರೆ ಹಲವೆಡೆ ಏರಿಸಿದ ಮೊತ್ತವನ್ನು, ಮೊದಲೇ ಗಳಿಸಿದ್ದ ಭತ್ಯೆಯಲ್ಲಿ ಮುರಿದುಕೊಂಡರು. ಬಲಗೈಯಿಂದ ಕೊಟ್ಟು ಎಡಗೈಯಿಂದ ಕಸಿದುಕೊಳ್ಳುವ ಈ ವಿದ್ಯೆ ನಿಮಗೆ ಹೊಸದಲ್ಲ.

ಕಡೆಯ ಮಾತು, ಪೀಠದ ಕೆಳಗಿನವರದು. ಸಂಶೋಧನೆ, ಪಾಠಗಳ ಭಾರ ಹೊತ್ತ ಕಿರಿಯರಲ್ಲಿ ಬಹುಪಾಲು ಜನ ಅವಧಿ ಕರಾರಿನವರು. 2007ರ ಕಾನೂನಿನಂತೆ ಡಾಕ್ಟರೇಟಿಗೆ ಮೊದಲು ಆರು ವರ್ಷ, ಆಮೇಲೆ ಆರು ವರ್ಷ, ವೈದ್ಯಶಾಸ್ತ್ರದಲ್ಲಿ ಒಂಬತ್ತು. ಇದು ಸಾಮಾನ್ಯ ಮಿತಿ. ಅಷ್ಟರಲ್ಲಿ ಪೀಠ ಸಿಗದ ಅನೇಕರು ಹೊರದಾರಿ ಹಿಡಿಯಬೇಕು. ಈ ಕಾನೂನನ್ನು ಹೊಗಳಿ ಸರ್ಕಾರ ಮಾಡಿಸಿದ್ದ ಚಿತ್ರದ ಪಾತ್ರ ‘ಹನ್ನಾ’. 2021ರಲ್ಲಿ ಸಾವಿರಾರು ಜನ ‘ನಾನೇ ಹನ್ನಾ’ ಎಂದು ತಮ್ಮ ಪಾಡನ್ನು ಬರೆದು ಸರ್ಕಾರಕ್ಕೆ ಉತ್ತರ ಕೊಟ್ಟರು. ಇವರ ಸಂಬಳ ಸಂಘದ ಒಪ್ಪಂದದಂತೆ. ಇವರು ಮುಷ್ಕರ ಹೂಡಬಹುದು. ವಿಪರ್ಯಾಸ ನೋಡಿ: ಕೆಲಸ ಭದ್ರವಿರುವವರಿಗೆ ಮುಷ್ಕರದ ಹಕ್ಕಿಲ್ಲ, ಹಕ್ಕಿರುವವರಿಗೆ ಕೆಲಸ ಭದ್ರವಿಲ್ಲ.

ಒಬ್ಬೊಬ್ಬನೇ ಮಾಡುವ ಚೌಕಾಶಿ ಕೇಳಿಬಂದವನನ್ನು ಮೇಲೆತ್ತುತ್ತದೆ. ಉಳಿದವರ ತಳ ಗಟ್ಟಿಯಾಗುವುದು ಎಲ್ಲರಿಗೂ ಸಲ್ಲುವ ಮೂಲವೇತನದಿಂದ. ಮುಂದಿನ ಒಪ್ಪಂದದ ಕಾಗದ ನಿಮ್ಮ ಮುಂದೆ ಬಂದಾಗ ಇನಾಮಿನ ಅಂಕಿಯನ್ನು ಆಮೇಲೆ ಓದಿ, ಮೂಲವೇತನದ ಅಂಕಿಯನ್ನು ಮೊದಲು ಓದಿ. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ.