ಕುದುರೆಮುಖಕ್ಕೆ ಯಾವ ಕಾಲ ಒಳ್ಳೆಯದು?

ಕಾರ್ಕಳದಿಂದ ಬಜಗೋಳಿ, ಮಾಳಗಳ ದಾರಿಯಾಗಿ ಘಟ್ಟವನ್ನೇರಿದರೆ ಎಸ್.ಕೆ. ಬಾರ್ಡರ್ ಎಂಬ ಕವಲು ಸಿಗುತ್ತದೆ. ಸೌತ್ ಕೆನರಾ ಎಂಬ ಜಿಲ್ಲೆಯ ಹೆಸರು ಅಳಿದು ಎಷ್ಟೋ ವರ್ಷಗಳಾದವು. ಗಡಿ ಮಾತ್ರ ಆ ಹೆಸರಿನಲ್ಲೇ ಉಳಿದಿದೆ. ಗಣಿಯಿಲ್ಲದ ಗಣಿಯೂರನ್ನು ನೋಡಹೊರಟವನಿಗೆ ಇದು ತಕ್ಕ ಹೆಬ್ಬಾಗಿಲು.

ಕುದುರೆಮುಖಕ್ಕೆ ಯಾವ ಕಾಲ ಒಳ್ಳೆಯದು ಎಂದು ಉಡುಪಿ, ಮಣಿಪಾಲಗಳ ಮಿತ್ರರು ನನ್ನನ್ನು ಕೇಳುವುದುಂಟು. ಮಳೆ ನಿಂತ ಮೇಲೆ ಎಂಬುದು ರೂಢಿಯ ಉತ್ತರ. ನಾನು ಹೇಳುವುದು ಬೇರೆ. ಎಲ್ಲ ಕಾಲದಲ್ಲೂ ಹೋಗಬೇಕು. ಒಂದೇ ಋತುವಿನಲ್ಲಿ ಕಂಡವನಿಗೆ ಈ ಊರಿನ ಕಥೆ ಅರ್ಧವಷ್ಟೇ ತಿಳಿದೀತು.

ಚಳಿಗಾಲದಲ್ಲಿ ಹುಲ್ಲುಬೆಟ್ಟಗಳ ಸಾಲು, ಕಣಿವೆಗಳಲ್ಲಿ ಅಡಗಿದ ಶೋಲಾ ಕಾಡು ನಿಚ್ಚಳವಾಗಿ ಕಾಣುತ್ತವೆ. ಕೆಳಗೆ ನೌಕರರಿಗಾಗಿ ಕಟ್ಟಿದ ಬಡಾವಣೆ. ಬಾಗಿಲು ಮುಚ್ಚಿದ ಮನೆಗಳ ಸಾಲು. ಇರಾನಿನೊಡನೆ 1975ರಲ್ಲಾದ ಒಪ್ಪಂದವನ್ನು ನಂಬಿ 1976ರಲ್ಲಿ ಇಲ್ಲಿ ಸರಕಾರಿ ಕಂಪನಿ ಹುಟ್ಟಿತು. 1979ರಲ್ಲಿ ಅಲ್ಲಿ ಕ್ರಾಂತಿಯಾಯಿತು. ಸರಕು ಸಿದ್ಧವಾಗುವ ಮೊದಲೇ ಗಿರಾಕಿ ಕೈತಪ್ಪಿದ. ಆದರೂ ಊರು ಬೆಳೆಯಿತು. ಅಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಒಮ್ಮೆ ನನ್ನೊಡನೆ ಹೇಳಿದರು: “ಗಣಿ ನಿಂತದ್ದು ಸರಿಯೇ ಇರಬಹುದು ಸ್ವಾಮೀ. ಆದರೆ ನನ್ನ ಮಗ ತಾನು ಹುಟ್ಟಿದ ಮನೆಯನ್ನು ತನ್ನ ಮಗುವಿಗೆ ತೋರಿಸಬೇಕೆಂದರೆ ಯಾವುದನ್ನು ತೋರಿಸಲಿ?”

ಬೇಸಗೆಯಲ್ಲಿ ಲಕ್ಯಾ ಅಣೆಕಟ್ಟನ್ನು ನೋಡಬೇಕು. ಸುಮಾರು 100 ಮೀಟರ್ ಎತ್ತರದ ಈ ಕಟ್ಟೆ ಗದ್ದೆಗೆ ನೀರುಣಿಸಲು ಕಟ್ಟಿದ್ದಲ್ಲ. ಇಲ್ಲಿಯ ಅದಿರಿನಲ್ಲಿ ಕಬ್ಬಿಣದ ಪಾಲು ಕಡಿಮೆ. ಪುಡಿಮಾಡಿ ಕಬ್ಬಿಣವನ್ನು ಬೇರ್ಪಡಿಸಿದ ಮೇಲೆ ಉಳಿದ ಹೂಳನ್ನು ತಡೆದಿಡಲು ಕಟ್ಟಿದ್ದು. ನೀರು ಇಳಿದಾಗ ಆ ಒಡಲು ಕಣ್ಣಿಗೆ ಬೀಳುತ್ತದೆ. ಬೇರ್ಪಡಿಸಿದ ಪುಡಿಯಾದರೋ ನೀರಿನಲ್ಲಿ ಕಲಸಿಕೊಂಡು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟವಿಳಿದು ನಮ್ಮ ಪಣಂಬೂರಿನ ಬಂದರಿಗೆ ಬರುತ್ತಿತ್ತು.

ಇನ್ನು ಮಳೆಗಾಲ. ನಾವು ಆಟಿ ಎನ್ನುವ ತಿಂಗಳಲ್ಲಿ ಅಲ್ಲಿ ಎದುರಿಗಿರುವ ಮನುಷ್ಯನೂ ಕಾಣದಷ್ಟು ಮಂಜು, ಮಳೆ. ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಸುರಿಯುವ ತಾಣವದು. ಬಗೆದ ಬೆಟ್ಟದ ಮಣ್ಣು ಆ ಮಳೆಗೆ ಕರಗಿ ಭದ್ರೆಯನ್ನು ಸೇರುತ್ತಿತ್ತು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2005ರ ಡಿಸೆಂಬರ್ ಕೊನೆಗೆ ಗಣಿ ನಿಂತಿತು.

ಮಳೆಯಲ್ಲಿ ನೆನೆದು ನಿಂತಾಗಲೇ ನನಗೆ ಇದು ಹೊಳೆದದ್ದು. ಅದಿರನ್ನು ಕಡಲಿಗೆ ಹೊತ್ತು ತಂದದ್ದೂ ನೀರೇ, ಮಣ್ಣನ್ನು ಹೊಳೆಗಿಳಿಸಿ ದೂರು ಹೇಳಿದ್ದೂ ನೀರೇ. ಊರನ್ನು ಕಟ್ಟಿದ ಮಳೆಯೇ ಊರಿನ ಮೇಲೆ ಸಾಕ್ಷಿ ನುಡಿಯಿತು. ನ್ಯಾಯ ಹೊಳೆಯ ಕಡೆಗಿತ್ತೆಂದು ನಾನು ನಂಬುತ್ತೇನೆ. ಆ ಹಿರಿಯರ ಪ್ರಶ್ನೆಗೆ ಮಾತ್ರ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ಕಾರ್ಕಳದ ಗೊಮ್ಮಟಬೆಟ್ಟದಲ್ಲಿ ನಿಂತು ಮೂಡಲಿಗೆ ನೋಡಿ; ಘಟ್ಟಕ್ಕೆ ಮೋಡ ಕವಿದಿದ್ದರೆ ಅಂದೇ ಹೊರಡಿ. ಕೊಡೆಯನ್ನು ಮಾತ್ರ ಮರೆಯಬೇಡಿ.