ತಾಯಿಯ ಗುರಿಗೆ ಮನೆಯಲ್ಲಿ ಸಮಯವಿದೆಯೇ?

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಗೋಡೆಯ ಕ್ಯಾಲೆಂಡರ್ ಬದಲಾಗುವ ಈ ದಿನಗಳಲ್ಲಿ ಮನೆಯ ಎಲ್ಲರ ಗುರಿಗಳೂ ಚರ್ಚೆಗೆ ಬರುತ್ತವೆ. ಮಗನ ಎಸ್ಸೆಸ್ಸೆಲ್ಸಿ ಅಂಕ, ಮಗಳ ಕಾಲೇಜು, ಯಜಮಾನರ ಅಂಗಡಿಯ ಸಾಲ, ಮಾವನ ಕಣ್ಣಿನ ಶಸ್ತ್ರಚಿಕಿತ್ಸೆ, ಹೀಗೆ ಪಟ್ಟಿ ಬೆಳೆಯುತ್ತದೆ. ಆ ಪಟ್ಟಿಯಲ್ಲಿ ಕಾಣದ ಹೆಸರು ತಾಯಿಯದ್ದು. ಅವಳನ್ನು ಕೇಳಿದರೆ, ‘ಮಕ್ಕಳು ಚೆನ್ನಾಗಿದ್ದರೆ ಸಾಕು, ನನಗೇನು ಬೇಕು?’ ಎಂಬ ಉತ್ತರ ಬರುತ್ತದೆ. ಈ ಉತ್ತರವನ್ನು ನಾವು ತ್ಯಾಗವೆಂದು ಹೊಗಳುತ್ತೇವೆ. ಹೊಗಳಿದ ಬಳಿಕ ಆ ಪ್ರಶ್ನೆಯನ್ನು ಮತ್ತೆ ಕೇಳುವ ಗೋಜಿಗೆ ಹೋಗುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ಹೊಸ ವರ್ಷಕ್ಕೆ ಹತ್ತು ನಿರ್ಧಾರಗಳನ್ನು ಒಮ್ಮೆಲೇ ಕೈಗೊಳ್ಳುವ ತಾಯಂದಿರೂ ನಮ್ಮಲ್ಲಿದ್ದಾರೆ. ದಿನಕ್ಕೆ ಕುರ್‌ಆನ್‌ನ ಒಂದು ಜುಝ್ ಓದಬೇಕು, ಒಂದು ಗಂಟೆ ನಡೆಯಬೇಕು, ಹೊಲಿಗೆ ಕಲಿಯಬೇಕು, ಇಂಗ್ಲಿಷ್ ಕಲಿಯಬೇಕು. ಜನವರಿ ಕಳೆಯುವುದರೊಳಗೆ ಇವೆಲ್ಲ ಒಂದೊಂದಾಗಿ ಬಿದ್ದುಹೋಗುತ್ತವೆ. ಉಳಿಯುವುದು ‘ನನ್ನಿಂದ ಏನೂ ಆಗದು’ ಎಂಬ ಕೊರಗು ಮಾತ್ರ. ಈ ಸೋಲಿಗೆ ಅವಳ ಮನಸ್ಸಿನ ದೌರ್ಬಲ್ಯ ಕಾರಣವೆಂದು ನಾವು ಭಾವಿಸುತ್ತೇವೆ. ಆದರೆ ನಿಜವಾದ ಕಾರಣ ಲೆಕ್ಕದಲ್ಲಿದೆ.

ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ದೇಶದ ಜನರು ದಿನದ ಸಮಯವನ್ನು ಹೇಗೆ ಬಳಸುತ್ತಾರೆಂದು ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ವ್ಯಯಿಸುತ್ತಿದ್ದರು. ಅದೇ ಕೆಲಸದಲ್ಲಿ ತೊಡಗಿದ ಪುರುಷರು 97 ನಿಮಿಷ. ಅಂತಹ ಪುರುಷರಾದರೂ ಎಷ್ಟು ಮಂದಿ? ನೂರಕ್ಕೆ ಸುಮಾರು 26 ಮಂದಿ. 2024ರ ಸಮೀಕ್ಷೆಯಲ್ಲಿ ಮಹಿಳೆಯರ ಸಮಯ 289 ನಿಮಿಷಕ್ಕೆ ಇಳಿಯಿತು. ಪುರುಷರದ್ದೂ 88ಕ್ಕೆ ಇಳಿಯಿತು. ಮನೆಮನೆಗೆ ಮಿಕ್ಸಿ, ಗ್ಯಾಸ್, ನಲ್ಲಿ ನೀರು ಬಂದ ಕಾಲದಲ್ಲಿ ಐದು ವರ್ಷಗಳಲ್ಲಿ ಅವಳಿಗೆ ದೊರೆತದ್ದು ಹತ್ತು ನಿಮಿಷ! ಮಕ್ಕಳ ಮತ್ತು ಹಿರಿಯರ ಆರೈಕೆಯ ಸಮಯ ಈ ಲೆಕ್ಕದಲ್ಲಿ ಸೇರಿಲ್ಲ ಎಂಬುದನ್ನೂ ಗಮನಿಸಬೇಕು. ಹೀಗಿರುವಾಗ ಒಂದು ಗಂಟೆಯ ಹೊಸ ಗುರಿಗೆ ಸಮಯ ಬರುವುದೆಲ್ಲಿಂದ? ಅವಳ ನಿದ್ದೆಯಿಂದ. ನಿದ್ದೆಯನ್ನು ಕತ್ತರಿಸಿ ಸಾಧಿಸುವ ಗುರಿ ಹೆಚ್ಚು ದಿನ ಬಾಳುವುದಿಲ್ಲ.

ಆದ್ದರಿಂದ ಗುರಿಯನ್ನು ಆಯ್ಕೆ ಮಾಡುವ ಮೊದಲು ಮೂರು ದಿನಗಳ ಸಮಯದ ಲೆಕ್ಕ ಬರೆಯುವುದು ಒಳ್ಳೆಯದು. ಮಗುವಿನ ಹಳೆಯ ನೋಟ್ ಪುಸ್ತಕದ ಹಿಂದಿನ ಹಾಳೆಯಾದರೂ ಸಾಕು. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು, ಯಾವ ಹೊತ್ತು ನಿಜವಾಗಿ ನಮ್ಮ ಕೈಯಲ್ಲಿ ಉಳಿಯಿತು ಎಂದು ಬರೆಯೋಣ. ಹದಿನೈದು ನಿಮಿಷ ಉಳಿದಿದ್ದರೆ ಗುರಿಯೂ ಹದಿನೈದು ನಿಮಿಷದ್ದಾಗಿರಲಿ. ಮಡಿಲಲ್ಲಿ ಎಳೆಗೂಸಿರುವ ತಾಯಿಗೆ ಅಷ್ಟೂ ಉಳಿಯದಿರಬಹುದು. ಹಗಲಿನಲ್ಲಿ ಅರ್ಧ ಗಂಟೆ ಹೆಚ್ಚು ಮಲಗುವುದೇ ಅವಳ ಈ ವರ್ಷದ ಗುರಿಯಾದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಚಿಕ್ಕ ಗುರಿಯಿಂದ ಪ್ರಯೋಜನವೇನು ಎಂದು ಕೆಲವರು ಕೇಳಬಹುದು. ಅಲ್ಪವಾದರೂ ನಿರಂತರವಾಗಿ ಮಾಡುವ ಕರ್ಮ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂಬ ಪ್ರವಾದಿ(ಸ)ಯವರ ಬೋಧನೆ ನಮಗೆಲ್ಲ ತಿಳಿದಿದೆ. ಲೌಕಿಕ ಅನುಭವವೂ ಅದನ್ನೇ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮವನ್ನು ಸೂಚಿಸುತ್ತದೆ. ಒಮ್ಮೆಗೆ ಕನಿಷ್ಠ ಹತ್ತು ನಿಮಿಷವಾದರೂ ಇರಬೇಕೆಂಬ ಹಳೆಯ ಷರತ್ತನ್ನು ಅದು ಕೈಬಿಟ್ಟಿದೆ. ಮಗುವನ್ನು ಶಾಲೆಗೆ ಬಿಟ್ಟು ಬಿರುಸಾಗಿ ನಡೆದು ಬರುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ.

ಓದು ಅರ್ಧಕ್ಕೆ ನಿಂತ ತಾಯಂದಿರಿಗೂ ದಾರಿಯಿದೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ, ಅಂದರೆ ಎನ್‌ಐಒಎಸ್‌ನಲ್ಲಿ, ಹತ್ತನೇ ತರಗತಿಗೆ ಸೇರಲು ವಯಸ್ಸಿನ ಮೇಲ್ಮಿತಿಯಿಲ್ಲ. ಒಮ್ಮೆ ನೋಂದಾಯಿಸಿದರೆ ಐದು ವರ್ಷಗಳ ಅವಧಿಯಲ್ಲಿ ಒಂಬತ್ತು ಸಲ ಪರೀಕ್ಷೆ ಬರೆಯುವ ಅವಕಾಶವಿದೆ. ವರ್ಷಕ್ಕೆ ಒಂದೆರಡು ವಿಷಯಗಳಂತೆ ಮುಗಿಸಬಹುದು. ‘ಈ ವರ್ಷ ಎಸ್ಸೆಸ್ಸೆಲ್ಸಿ ಮಟ್ಟದ ಒಂದು ವಿಷಯ’ ಎಂಬುದು ಅಳತೆಯುಳ್ಳ ಗುರಿ. ‘ಚೆನ್ನಾಗಿ ಓದಬೇಕು’ ಎಂಬುದು ಹಾರೈಕೆ.

ಇನ್ನು ಹಣದ ವಿಚಾರ. ಕರ್ನಾಟಕ ಸರಕಾರ 2023ರಲ್ಲಿ ಆರಂಭಿಸಿದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ನಿಗದಿಯಾಯಿತು. ಖಾತೆ ತಾಯಿಯ ಹೆಸರಿನಲ್ಲಿದೆ. ಎಟಿಎಂ ಕಾರ್ಡು ಯಾರ ಕಿಸೆಯಲ್ಲಿದೆ? ತನ್ನ ಖಾತೆಯನ್ನು ತಾನೇ ನಿರ್ವಹಿಸಲು ಕಲಿಯುವುದು, ತಿಂಗಳಿಗೆ ಇನ್ನೂರು ರೂಪಾಯಿಯನ್ನಾದರೂ ತನ್ನ ಹೆಸರಿನಲ್ಲಿ ಉಳಿಸುವುದು ಕೂಡ ಒಂದು ವರ್ಷಕ್ಕೆ ತಕ್ಕ ಗುರಿಯೇ.

ಒಂದು ದಿನ ತಪ್ಪಿದರೆ ಎಲ್ಲವೂ ಕೆಟ್ಟಿತೆಂದು ಕೈಚೆಲ್ಲಬಾರದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅದರ ಪ್ರಕಾರ ಹೊಸ ಅಭ್ಯಾಸವೊಂದು ಮೈಗೂಡಲು ಸುಮಾರು 66 ದಿನಗಳು ಬೇಕಾದವು. ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನಗಳವರೆಗೂ ಬೇಕೆಂಬ ಅಂದಾಜು ಸಿಕ್ಕಿತು. ನಡುವೆ ಒಂದು ದಿನ ತಪ್ಪಿದ್ದರಿಂದ ವಿಶೇಷ ಹಾನಿಯೇನೂ ಆಗಲಿಲ್ಲ. ಮಗುವಿಗೆ ಜ್ವರ ಬಂದು ವಾರ ಕಳೆದರೂ ಮುಂದಿನ ವಾರ ಮತ್ತೆ ಆರಂಭಿಸಬಹುದು. ನಮ್ಮ ಮನೆಗಳ ವರ್ಷಕ್ಕೆ ತನ್ನದೇ ಏರಿಳಿತಗಳಿವೆ. 2026ರಲ್ಲಿ ರಮಝಾನ್ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಿಗೆ ಸೇರಿದೆ. ಮಕ್ಕಳ ವಾರ್ಷಿಕ ಪರೀಕ್ಷೆಯ ಕಾಲವೂ ಅದೇ. ಅಂತಹ ತಿಂಗಳುಗಳಲ್ಲಿ ಹೊಸದನ್ನು ಆರಂಭಿಸದೆ, ಶಾಲೆಗಳು ತೆರೆಯುವ ಜೂನ್‌ವರೆಗೆ ಕಾಯುವುದು ಸೋಲಲ್ಲ, ವಿವೇಕ.

ಇಷ್ಟೆಲ್ಲ ತಾಯಂದಿರಿಗೆ ಹೇಳಿದ ಬಳಿಕ ಸಹೋದರರಿಗೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ತಾಯಿಯ ಗುರಿಗೆ ಅರ್ಧ ಗಂಟೆ ಬೇಕೆಂದಾದರೆ ಆ ಅರ್ಧ ಗಂಟೆಯ ಕೆಲಸ ಯಾರದ್ದು ಎಂಬುದು ಮನೆಯಲ್ಲಿ ಹೆಸರು ಹಿಡಿದು ತೀರ್ಮಾನವಾಗಬೇಕು. ‘ಬೇಕಾದರೆ ಹೇಳು, ಸಹಾಯ ಮಾಡುತ್ತೇನೆ’ ಎಂಬ ಮಾತು ಸಾಲದು. ರಾತ್ರಿಯ ಪಾತ್ರೆ ತೊಳೆಯುವುದು ಮಗನ ಪಾಲು, ಹೋಂವರ್ಕ್ ನೋಡುವುದು ತಂದೆಯ ಪಾಲು ಎಂದು ನಿಶ್ಚಯವಾಗಲಿ. ಆ ಹೊರೆಯನ್ನು ಮಗಳ ಹೆಗಲಿಗೆ ದಾಟಿಸಿದರೆ ನಾಳಿನ ತಾಯಿಯನ್ನು ಇಂದೇ ದಣಿಸಿದಂತೆ. ಮನೆಗೆಲಸವೂ ಪುಣ್ಯಕಾರ್ಯವಲ್ಲವೇ ಎಂದು ಕೆಲವರು ಕೇಳುತ್ತಾರೆ. ಖಂಡಿತ ಹೌದು. ಹಾಗಾದರೆ ಆ ಪುಣ್ಯದಲ್ಲಿ ಪಾಲು ಪಡೆಯಲು ನಾವು ಗಂಡುಮಕ್ಕಳಿಗೇಕೆ ಕಲಿಸಿಲ್ಲ? ಪ್ರವಾದಿ(ಸ)ಯವರು ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು, ನಮಾಝ್‌ನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಆಯಿಶಾ(ರ) ತಿಳಿಸಿದ್ದಾರೆ. ಇದನ್ನು ನಾವು ವೇದಿಕೆಯಲ್ಲಿ ಕೇಳಿದಷ್ಟು ಅಡುಗೆಮನೆಯಲ್ಲಿ ಕಂಡಿಲ್ಲ.

ವಯಸ್ಸು ಮೀರಿತೆಂದು ಹಿಂಜರಿಯುವ ತಾಯಂದಿರು ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರನ್ನು ನೆನೆಯಬಹುದು. ಅವರು ಹುಟ್ಟಿದ್ದು 1936ರಲ್ಲಿ. ನಾಲ್ಕು ಗಂಡುಮಕ್ಕಳನ್ನು ಬೆಳೆಸಿದ ಅವರ ಮೊದಲ ಬರಹ ಲಂಕೇಶ್ ಪತ್ರಿಕೆಯಲ್ಲಿ ಬೆಳಕು ಕಂಡದ್ದು 1981ರಲ್ಲಿ. ಆಮೇಲೆ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಬಂತು. 2023ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕನ್ನಡ ಸಾಹಿತ್ಯದಲ್ಲಿ ಅವರದೇ ಸ್ಥಾನವಿತ್ತು. ಅವರ ಎಲ್ಲ ನಿಲುವುಗಳನ್ನು ನಾವು ಒಪ್ಪಬೇಕೆಂದೇನಿಲ್ಲ. ಆದರೆ ನಲ್ವತ್ತೈದರ ಹೊತ್ತಿಗೆ ಆರಂಭಿಸಿದ ಕೆಲಸವೂ ಫಲ ಕೊಡುತ್ತದೆಂಬುದಕ್ಕೆ ಅವರ ಬದುಕು ಸಾಕ್ಷಿಯಾಗಿದೆ.

ಆದ್ದರಿಂದ ಈ ವಾರ ಮನೆಮಂದಿಯೆಲ್ಲ ಊಟಕ್ಕೆ ಕೂತಾಗ ತಾಯಿಯ ಮುಂದೆ ಮೂರು ಪ್ರಶ್ನೆಗಳನ್ನಿಡೋಣ: ಈ ವರ್ಷ ನಿನಗಾಗಿ ಏನು ಮಾಡಬೇಕೆಂದಿದ್ದೀಯ? ಅದಕ್ಕೆ ದಿನದ ಯಾವ ಹೊತ್ತು ಬೇಕು? ಆ ಹೊತ್ತಿನ ನಿನ್ನ ಕೆಲಸವನ್ನು ನಮ್ಮಲ್ಲಿ ಯಾರು ವಹಿಸಿಕೊಳ್ಳಬೇಕು? ಮೂರನೆಯದಕ್ಕೆ ಉತ್ತರ ಕೊಡಬೇಕಾದವರು ಉಳಿದ ನಾವೆಲ್ಲರೂ. ಅಲ್ಲಾಹನು ನಮ್ಮ ಮನೆಗಳ ತಾಯಂದಿರ ಸಮಯದಲ್ಲಿ ಸಮೃದ್ಧಿ ನೀಡಲಿ.